ಹಬ್ಬವೆಂಬ ಗಿಣ್ಣು

ಕಬ್ಬಿನ ಗಿಣ್ಣಿಗೆ, ಬೆರಳಿನ ಸಂದಿಗೆ, ಮಹಾಭಾರತದ 18 ವಿಭಾಗಗಳಿಗೆ, ಒಂದು ಪಕ್ಷ ಮುಗಿದು ಇನ್ನೊಂದು ತೊಡಗುವ ಅಮಾವಾಸ್ಯೆ ಹುಣ್ಣಿಮೆಗಳಿಗೆ ಸಂಸ್ಕೃತವು ಒಂದೇ ಹೆಸರನ್ನು ಇಟ್ಟಿತು: ಪರ್ವ. ಆ ಶಬ್ದವು ಜನರ ನಾಲಗೆಯ ಮೇಲೆ ಪಬ್ಬವಾಗಿ, ಪಾಲು ಹಾಲಾದ, ಪೂವು ಹೂವಾದ ಕ್ರಮದಲ್ಲಿಯೇ ಕನ್ನಡದಲ್ಲಿ ಹಬ್ಬವಾಯಿತು. ತುಳುವರದು ಪರ್ಬ, ತೆಲುಗರು ಇಂದಿಗೂ ‘ಪಂಡುಗ ಪಬ್ಬ’ ಎಂದು ಜೋಡಿಸಿ ನುಡಿಯುತ್ತಾರೆ. ಕನ್ನಡ ತೆಲುಗುಗಳ ಗಡಿಸೀಮೆಯ ನಾರಾಯಣಪೇಟೆ, ಮಕ್ತಲ, ಗದ್ವಾಲಗಳಲ್ಲಿ ಮನೆಯೊಳಗೆ ಕನ್ನಡವನ್ನೂ ಅಂಗಡಿಯಲ್ಲಿ ತೆಲುಗನ್ನೂ ಆಡಿ ಬಾಳುವವರ ಕಿವಿಗೆ ಒಂದೇ ಶಬ್ದದ ಈ ಎರಡು ವಯಸ್ಸುಗಳೂ ಬೀಳುತ್ತಿರುತ್ತವೆ.

ಹಬ್ಬವೆಂದರೆ ಸಂತೋಷದ ದಿನವೆಂದು ಅರ್ಥ ಹೇಳುವವರು ಈ ಸೀಮೆಗೆ ಬಂದು ಸ್ವಲ್ಪ ನಿಲ್ಲಬೇಕು. 680ರಲ್ಲಿ ಕರ್ಬಲಾದ ರಣದಲ್ಲಿ ಮಡಿದ ಹುಸೇನರ ಶೋಕವನ್ನು ಸ್ಮರಿಸುವ ಮೊಹರಮ್ಮೂ ಇಲ್ಲಿ ಹಬ್ಬವೇ, ಪೀರಲ ಹಬ್ಬ. ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವವರಲ್ಲಿ, ಪೀರುಗಳಿಗೆ ಮಾಲೀದಿಯ ಹರಕೆ ಸಲ್ಲಿಸುವವರಲ್ಲಿ ಹಿಂದೂಗಳು ಎಷ್ಟೋ ಮಂದಿ. ಭಯದಿಂದ ಹುಟ್ಟಿದ ಮಾರಿಹಬ್ಬವೂ ಹಬ್ಬವೇ. ಸುಖವಾಗಲಿ ದುಃಖವಾಗಲಿ, ಓಡುತ್ತಿರುವ ಕಾಲವು ಒಂದು ಗಂಟಿಗೆ ಬಂದು ನಿಂತು ಮುಂದುವರಿಯುವುದನ್ನೇ ನಮ್ಮ ಜನ ಈ ಶಬ್ದದಿಂದ ಸೂಚಿಸುತ್ತಾರೆಂದು ನನಗೆ ತೋರುತ್ತದೆ. ಆದುದರಿಂದಲೇ ಅದು ಯಾವ ಮತದ ಬಾಗಿಲಲ್ಲಿಯೂ ಪರದೇಶಿಯಾಗಿ ನಿಲ್ಲಲಿಲ್ಲ.

ಯೆಹೂದ್ಯರ ಪ್ರಾರ್ಥನಾಮಂದಿರವನ್ನು ಕಾಣದ ಈ ನಾಡಿಗೂ ಅವರ ಹಬ್ಬಗಳ ಹೆಸರುಗಳು ಬಂದುದು ಕ್ರೈಸ್ತರ ಗ್ರಂಥದ ಮೂಲಕ. ಮಿಷನರಿ ಜಾನ್ ಹ್ಯಾಂಡ್ಸ್ ಮೊದಲಾದವರ ಶ್ರಮದಿಂದ ಸಮಗ್ರ ಕನ್ನಡ ಬೈಬಲು ಬಳ್ಳಾರಿಯಲ್ಲಿ ಅಚ್ಚಾಗಿ ಮುಗಿದದ್ದು 1831ರಲ್ಲಿ. ‘ಪಸ್ಕಹಬ್ಬ’ವೆಂಬ ಸಮಾಸ, ಅರ್ಧ ಯೆಹೂದ್ಯರದು ಅರ್ಧ ನಮ್ಮದು, ಇಂದು ಚರ್ಚಿಗೆ ಹೋಗುವ ಕನ್ನಡ ಮುದುಕಿಯರಿಗೂ ಮನೆಮಾತು. ಯೋಹಾನನ ಸುವಾರ್ತೆಯ 10ನೆಯ ಅಧ್ಯಾಯದಲ್ಲಿ, ಯೆರೂಸಲೇಮಿನಲ್ಲಿ ದೇವಾಲಯದ ಪ್ರತಿಷ್ಠೆಯ ಹಬ್ಬ ನಡೆದಿದ್ದ ಚಳಿಗಾಲದಲ್ಲಿ ಯೇಸುಸ್ವಾಮಿಯು ಸೊಲೊಮೋನನ ಮಂಟಪದಲ್ಲಿ ತಿರುಗಾಡುತ್ತಿದ್ದನೆಂಬ ಮಾತು ಬರುತ್ತದೆ. ಆ ಪ್ರತಿಷ್ಠೆಯ ಹಬ್ಬವೇ ಹನುಕ್ಕಾ: ಕ್ರಿಸ್ತಪೂರ್ವ 164ರಲ್ಲಿ ಅಪವಿತ್ರವಾಗಿದ್ದ ದೇವಾಲಯವನ್ನು ಶುದ್ಧಿಗೊಳಿಸಿ ಮರಳಿ ಪ್ರತಿಷ್ಠಿಸಿದುದರ ನೆನಪಿಗೆ, ಮೊದಲ ಸಂಜೆ ಒಂದು, ಮರುಸಂಜೆ ಎರಡು ಎಂದು ಎಂಟು ಸಂಜೆಗಳ ಕಾಲ ದೀಪಗಳನ್ನು ಏರಿಸುತ್ತ ಹೋಗುವ ಆಚರಣೆ. ಇವೆಲ್ಲವನ್ನೂ ಹೊತ್ತಿಸುವ ಒಂಬತ್ತನೆಯ ದೀಪವೊಂದಿದೆ. ಅದರ ಹೆಸರಿನ ಅರ್ಥ ಸೇವಕ. ಕ್ರಿಸ್ತನ ಜನನವನ್ನು ಕೊಂಡಾಡುವವರಿಗೆ ಹನುಕ್ಕಾ ನೆರೆಮನೆಯ ಹಬ್ಬವಲ್ಲ, ತಮ್ಮ ಸ್ವಾಮಿಯ ಕಾಲದಲ್ಲಿ ಆತನ ಜನ ಆಚರಿಸಿದ ಹಬ್ಬ.

ಯೆಹೂದ್ಯರ ಪಂಚಾಂಗವು ನಮ್ಮದರಂತೆಯೇ ಚಂದ್ರನನ್ನು ಹಿಡಿದು ನಡೆದು, ಸೂರ್ಯನಿಂದ ದೂರವಾಗದಂತೆ 19 ವರ್ಷಗಳಲ್ಲಿ ಏಳು ಸಲ ಅಧಿಕಮಾಸವನ್ನು ಸೇರಿಸಿಕೊಳ್ಳುತ್ತದೆ. ಕಿಸ್ಲೇವ್ ಮಾಸದ 25ರಂದು ತೊಡಗುವ ಹನುಕ್ಕಾ ಮುಂದಿನ ಮಾಸದೊಳಗೆ ಕಾಲಿಡುವುದರಿಂದ ಅದರ ನಡುವೆ ಅಮಾವಾಸ್ಯೆಯೊಂದು ಬಂದೇ ಬರುತ್ತದೆ. ಎಷ್ಟೋ ವರ್ಷಗಳಲ್ಲಿ ಅದು ನಮ್ಮ ಎಳ್ಳಮಾವಾಸ್ಯೆಯೇ. 2024ರಲ್ಲಿ ಕ್ರಿಸ್ಮಸ್ಸಿನ ಸಂಜೆಯೇ ಹನುಕ್ಕಾದ ಮೊದಲ ದೀಪ ಹತ್ತಿತು, 2005ರ ತರುವಾಯ ಮೊದಲ ಬಾರಿಗೆ. ಅದೇ ಡಿಸೆಂಬರ್ 30ರಂದು, ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಸಜ್ಜಿಯ ಕಡಬು, ಭಜ್ಜಿಪಲ್ಯಗಳನ್ನು ಜೋಳದ ಬೆಳೆಗೆ ಚರಗವಾಗಿ ಚೆಲ್ಲಿ ನಮ್ಮ ಒಕ್ಕಲುಮಕ್ಕಳು ಮನೆಗೆ ಮರಳಿದ ದಿನ, ದೂರದ ಮನೆಗಳಲ್ಲಿ ಹನುಕ್ಕಾದ ಆರನೆಯ ದೀಪ ಉರಿಯಿತು. ಅಮಾವಾಸ್ಯೆಯನ್ನು ಪರ್ವವೆಂದು ಕರೆದ ಹಿರಿಯರ ಲೆಕ್ಕದಲ್ಲಿ ಇಬ್ಬರೂ ಒಂದೇ ಗಿಣ್ಣಿನ ಮೇಲಿದ್ದರು.

ತಂದೆ ಯೆಹೂದ್ಯ, ತಾಯಿ ಕ್ರೈಸ್ತಳಾದ ಮನೆಗಳು ಪಶ್ಚಿಮದಲ್ಲಿ ಹಲವು. ಕ್ರಿಸ್ಮಸ್ಸು, ಹನುಕ್ಕಾ ಎರಡನ್ನೂ ಕೂಡಿಸಿ ಆಚರಿಸುವುದಕ್ಕೆ ಜರ್ಮನಿಯಲ್ಲಿ ‘ವೈನುಕ್ಕಾ’ ಎಂಬ ಬೆರಕೆಹೆಸರು 19ನೆಯ ಶತಮಾನದಲ್ಲಿಯೇ ಹುಟ್ಟಿತ್ತು, ಅಮೆರಿಕದವರದು ‘ಕ್ರಿಸ್ಮುಕ್ಕಾ’. ಎರಡು ಹೆಸರುಗಳನ್ನು ಮುರಿದು ಒಂದನ್ನು ಮಾಡುವ ಈ ಕ್ರಮ ನನಗೆ ಹಿಡಿಸದು. ಗದ್ವಾಲದ ಮಗ್ಗದಲ್ಲಿ ಸೀರೆಯ ಮೈಗೆ ಹತ್ತಿಯ ಹೊಕ್ಕು, ಅಂಚಿಗೆ ರೇಷ್ಮೆಯ ಹೊಕ್ಕು. ಬೇರೆ ಬೇರೆ ಲಾಳಿಗಳಲ್ಲಿ ಬರುವ ಈ ಎಳೆಗಳು ಅಂಚು ತೊಡಗುವೆಡೆ ಒಂದನ್ನೊಂದು ಕೊಂಡಿ ಹಾಕಿಕೊಂಡು ಹಿಂದಿರುಗುತ್ತವೆ. ಹತ್ತಿ ಹತ್ತಿಯಾಗಿಯೂ ರೇಷ್ಮೆ ರೇಷ್ಮೆಯಾಗಿಯೂ ಉಳಿಯುತ್ತವೆ. ಅಂಥ ಮನೆಗೆ ನಮ್ಮ ಕಡೆಯ ಅಜ್ಜಿಯೊಬ್ಬಳು ಹೋದರೆ ಹೊಸ ಹೆಸರಿಗಾಗಿ ತಡಕಾಡದೆ, “ಈ ವರ್ಷ ಎರಡೂ ಹಬ್ಬ ಕೂಡೇ ಬಂದಾವ ನೋಡವ್ವಾ” ಎಂದಾಳು. ಕೂಡಿ ಬಂದದ್ದು ಪ್ರತಿವರ್ಷವೂ ಕೂಡಿಯೇ ಇರುವುದಿಲ್ಲ: 2025ರಲ್ಲಿ ಹನುಕ್ಕಾ ಡಿಸೆಂಬರ್ 14ರ ಸಂಜೆಗೆ ಹಿಂದೆ ಸರಿದು, 19ರ ಎಳ್ಳಮಾವಾಸ್ಯೆಯನ್ನು ತನ್ನೊಳಗೆ ಇಟ್ಟುಕೊಂಡು, ಕ್ರಿಸ್ಮಸ್ಸಿಗೆ ಮೊದಲೇ ಮುಗಿಯಿತು.