ನಿವೃತ್ತ ಅಪ್ಪ-ಅಮ್ಮನಿಗೆ ಹೆಚ್ಚುವರಿ ಆರೋಗ್ಯ ವಿಮೆ: ಅಗ್ಗದ ಪಾಲಿಸಿ ಆರಿಸುವ ಮುನ್ನ ಮಾಡಬೇಕಾದ ಲೆಕ್ಕ

ಖಾಸಗಿ ವಲಯದಲ್ಲಿ ದುಡಿದವರಿಗೆ ನಿವೃತ್ತಿಯೊಂದಿಗೆ ಸಂಬಳ ಮಾತ್ರ ನಿಲ್ಲುವುದಿಲ್ಲ, ಕಂಪನಿ ಕೊಡುತ್ತಿದ್ದ ಗುಂಪು ಆರೋಗ್ಯ ವಿಮೆಯೂ ಸಾಮಾನ್ಯವಾಗಿ ಅಲ್ಲಿಗೇ ಮುಗಿಯುತ್ತದೆ. ಆಸ್ಪತ್ರೆ ಖರ್ಚು ಏರುವ ವಯಸ್ಸಿಗೆ ಸರಿಯಾಗಿ ರಕ್ಷಣೆ ಕೈತಪ್ಪುತ್ತದೆ. ಇನ್ನು ಪಿಂಚಣಿಯ ಲೆಕ್ಕ ನೋಡಿ. ಇಪಿಎಸ್ ಸೂತ್ರದ ಪ್ರಕಾರ 15 ಸಾವಿರ ರೂಪಾಯಿ ವೇತನ ಮಿತಿಯಲ್ಲಿ 35 ವರ್ಷ ದುಡಿದವರಿಗೆ ತಿಂಗಳಿಗೆ ಸಿಗುವುದು 7,500 ರೂಪಾಯಿ. 2014ರಲ್ಲಿ ನಿಗದಿಯಾದ ಕನಿಷ್ಠ ಪಿಂಚಣಿ ಒಂದು ಸಾವಿರ ರೂಪಾಯಿ. ಈ ದುಡ್ಡಲ್ಲಿ 60 ದಾಟಿದ ಇಬ್ಬರಿಗೆ ದೊಡ್ಡ ಪಾಲಿಸಿ ಕೊಳ್ಳುವುದು ಆಗದ ಮಾತು. ಹಾಗಾಗಿ ಹೊಣೆ ಬರುವುದು ಈಗಷ್ಟೇ ದುಡಿಯಲು ಶುರು ಮಾಡಿದ ಮಕ್ಕಳ ಮೇಲೆ.

ಆಗ ಕಣ್ಣಿಗೆ ಬೀಳುವುದೇ ‘ಟಾಪ್-ಅಪ್’, ‘ಸೂಪರ್ ಟಾಪ್-ಅಪ್’ ಹೆಸರಿನ ಹೆಚ್ಚುವರಿ ವಿಮೆ. ಕಡಿಮೆ ಪ್ರೀಮಿಯಂಗೆ ದೊಡ್ಡ ಮೊತ್ತದ ಕವರ್. ಇದು ಮೋಸವೇನಲ್ಲ. ಆದರೆ ಯಾಕೆ ಅಗ್ಗ ಅಂತ ಗೊತ್ತಿರಬೇಕು: ಬಿಲ್ಲಿನ ಮೊದಲ ಕೆಲವು ಲಕ್ಷ ನಿಮ್ಮದು, ಅದರಾಚೆಗಿನದು ಮಾತ್ರ ಕಂಪನಿಯದು. ಆ ಮೊದಲ ಭಾಗಕ್ಕೆ ‘ಡಿಡಕ್ಟಿಬಲ್’ ಅನ್ನುತ್ತಾರೆ. ಅದನ್ನು ಎಲ್ಲಿಂದ ತುಂಬುತ್ತೀರಿ ಅನ್ನೋದು ಇತ್ಯರ್ಥವಾಗುವ ಮುಂಚೆ ಕಂಪನಿಗಳ ಹೋಲಿಕೆಗೆ ಇಳಿಯಬೇಡಿ.

ಮೊದಲು ಕೈಯಲ್ಲಿರುವುದನ್ನು ಎಣಿಸಿ

ಹೆಚ್ಚುವರಿ ವಿಮೆ ಅಂದಮೇಲೆ ಕೆಳಗೊಂದು ಆಧಾರ ಇರಲೇಬೇಕು. ನಿಮ್ಮ ಮನೆಯಲ್ಲಿ ಇವುಗಳಲ್ಲಿ ಯಾವುದಿದೆ ನೋಡಿ.

*ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ:* ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30 ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ. ತುರ್ತು ಚಿಕಿತ್ಸೆಗಳನ್ನು ಬಿಟ್ಟರೆ ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕಾಗುತ್ತದೆ.

*70 ದಾಟಿದವರ ಆಯುಷ್ಮಾನ್ ವಯ ವಂದನಾ ಕಾರ್ಡ್:* 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಯೋಜನೆ. ಆದಾಯದ ಮಿತಿ ಇಲ್ಲ. ಮನೆಯ 70 ದಾಟಿದವರೆಲ್ಲರಿಗೂ ಸೇರಿ ವರ್ಷಕ್ಕೆ 5 ಲಕ್ಷ. ಖಾಸಗಿ ವಿಮೆ ಇದ್ದವರೂ ಅರ್ಹರು. ಕಾರ್ಡ್ ಇದ್ದರೆ ಸಾಲದು. ನೀವು ಹೋಗುವ ಆಸ್ಪತ್ರೆ ಆ ಕಾರ್ಡಿನಲ್ಲಿ ಚಿಕಿತ್ಸೆ ಕೊಡುತ್ತಿದೆಯಾ ಅಂತ ಅಲ್ಲಿನ ಆರೋಗ್ಯ ಮಿತ್ರರನ್ನೇ ಕೇಳಿ, ಅಥವಾ 14555ಕ್ಕೆ ಕರೆ ಮಾಡಿ.

*ಇಎಸ್‌ಐ:* ಇದು ಬಹಳ ಮಂದಿಗೆ ಗೊತ್ತೇ ಇಲ್ಲ. ಕನಿಷ್ಠ 5 ವರ್ಷ ಇಎಸ್‌ಐ ವ್ಯಾಪ್ತಿಯಲ್ಲಿ ದುಡಿದು ವಯೋನಿವೃತ್ತಿ ಹೊಂದಿದವರು ವರ್ಷಕ್ಕೆ 120 ರೂಪಾಯಿ ಕಟ್ಟಿದರೆ ಅವರಿಗೂ ಸಂಗಾತಿಗೂ ವೈದ್ಯಕೀಯ ಸೌಲಭ್ಯ ಮುಂದುವರಿಯುತ್ತದೆ. ಪೀಣ್ಯದ ಕಾರ್ಖಾನೆಗಳಲ್ಲಿ, ಗಾರ್ಮೆಂಟ್ಸ್‌ಗಳಲ್ಲಿ ದುಡಿದ ತಂದೆ-ತಾಯಿ ಇರುವ ಮನೆಗಳು ಮೊದಲು ಇದನ್ನು ವಿಚಾರಿಸಬೇಕು. ಯಾವ ಚಿಕಿತ್ಸೆಗಳವರೆಗೆ ಸಿಗುತ್ತದೆ ಅಂತ ಹತ್ತಿರದ ಇಎಸ್‌ಐ ಶಾಖಾ ಕಚೇರಿಯಲ್ಲಿ ಕೇಳಿಕೊಳ್ಳಿ.

*ಉಳಿದವು:* ಕೇಂದ್ರ ಸರ್ಕಾರಿ ಪಿಂಚಣಿದಾರರಿಗೆ ಸಿಜಿಎಚ್‌ಎಸ್, ಮಾಜಿ ಸೈನಿಕರಿಗೆ ಇಸಿಎಚ್‌ಎಸ್, ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ. ಬ್ಯಾಂಕ್ ನಿವೃತ್ತರಿಗೆ 2015ರ ದ್ವಿಪಕ್ಷೀಯ ಒಪ್ಪಂದದ ನಂತರ ಬಂದ ಗುಂಪು ವಿಮೆ ಇದೆ, ಅದರಲ್ಲೇ ಸೂಪರ್ ಟಾಪ್-ಅಪ್ ಆಯ್ಕೆಯೂ ಸಿಗುತ್ತದೆ.

ಅಪ್ಪ ಅಥವಾ ಅಮ್ಮ ಇನ್ನೂ ನಿವೃತ್ತರಾಗಿಲ್ಲವಾದರೆ ಒಂದು ಕೆಲಸ ಈಗಲೇ ಮಾಡಿ. ಗುಂಪು ವಿಮೆಯಿಂದ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗಾವಣೆ ಕೇಳಬಹುದು. ಹೀಗೆ ಹೋದರೆ ಅಲ್ಲಿಯವರೆಗೆ ಕಳೆದ ಕಾಯುವ ಅವಧಿಯೂ ಲೆಕ್ಕಕ್ಕೆ ಬರುತ್ತದೆ. ಕೊನೆಯ ದಿನದವರೆಗೆ ಕಾಯದೆ ಎರಡು ತಿಂಗಳ ಮೊದಲೇ ಎಚ್‌ಆರ್ ಮತ್ತು ವಿಮಾ ಕಂಪನಿಗೆ ಇಮೇಲ್ ಕಳಿಸಿ.

ಟಾಪ್-ಅಪ್ ಬೇರೆ, ಸೂಪರ್ ಟಾಪ್-ಅಪ್ ಬೇರೆ

ಹೆಸರಲ್ಲಿ ಒಂದೇ ಪದದ ವ್ಯತ್ಯಾಸ, ದುಡ್ಡಲ್ಲಿ ಲಕ್ಷಗಟ್ಟಲೆ ವ್ಯತ್ಯಾಸ. ಡಿಡಕ್ಟಿಬಲ್ 5 ಲಕ್ಷ ಅಂದುಕೊಳ್ಳಿ. ಅಮ್ಮ ಒಂದೇ ವರ್ಷದಲ್ಲಿ ಮೂರು ಸಲ ಆಸ್ಪತ್ರೆಗೆ ಸೇರಿದರು, ಪ್ರತಿ ಸಲ 3 ಲಕ್ಷ ಬಿಲ್. ಒಟ್ಟು 9 ಲಕ್ಷ.

ಸಾಮಾನ್ಯ ಟಾಪ್-ಅಪ್ ಪ್ರತಿ ಸಲದ ದಾಖಲಾತಿಯನ್ನೂ ಬೇರೆ ಬೇರೆಯಾಗಿ ನೋಡುತ್ತದೆ. ಯಾವ ಬಿಲ್ಲೂ 5 ಲಕ್ಷ ದಾಟಿಲ್ಲ, ಹಾಗಾಗಿ ಸಿಗುವುದು ಸೊನ್ನೆ. ಸೂಪರ್ ಟಾಪ್-ಅಪ್ ವರ್ಷದ ಒಟ್ಟು ಖರ್ಚನ್ನು ನೋಡುತ್ತದೆ. 5 ಲಕ್ಷ ದಾಟಿದ ಮೇಲಿನ 4 ಲಕ್ಷ ಸಿಗುತ್ತದೆ. ವಯಸ್ಸಾದವರಿಗೆ ಒಂದೇ ದೊಡ್ಡ ಆಪರೇಷನ್‌ಗಿಂತ ಮತ್ತೆ ಮತ್ತೆ ಆಸ್ಪತ್ರೆ ಸೇರುವ ಪರಿಸ್ಥಿತಿ ಎದುರಾಗುವ ಸಾಧ್ಯತೆಯೇ ಹೆಚ್ಚು. ಹಾಗಾಗಿ ನಿವೃತ್ತರಿಗೆ ಸೂಪರ್ ಟಾಪ್-ಅಪ್ ಒಳ್ಳೆಯದು. ಬೆಲೆ ಸ್ವಲ್ಪ ಜಾಸ್ತಿ ಇದ್ದರೂ ಸರಿ.

ಡಿಡಕ್ಟಿಬಲ್ ಎಷ್ಟಿರಬೇಕು?

ಡಿಡಕ್ಟಿಬಲ್ ಏರಿಸಿದಷ್ಟೂ ಪ್ರೀಮಿಯಂ ಇಳಿಯುತ್ತದೆ. ಆನ್‌ಲೈನ್‌ನಲ್ಲಿ 3 ಲಕ್ಷದ ಬದಲು 10 ಲಕ್ಷ ಒತ್ತಿದ ತಕ್ಷಣ ಬೆಲೆ ಕುಸಿಯುವುದು ಇದಕ್ಕೇ. ಆದರೆ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ನಾಳೆ ಬೆಳಗ್ಗೆ ಆಸ್ಪತ್ರೆಯವರು ಕೇಳಿದರೆ ಇಷ್ಟು ಮೊತ್ತ ಎಲ್ಲಿಂದ ಬರುತ್ತದೆ? ಮೂಲ ಪಾಲಿಸಿಯ ಮೊತ್ತ ಮತ್ತು ಸಾಲ ಮಾಡದೆ ತೆಗೆಯಬಹುದಾದ ಉಳಿತಾಯ, ಇವೆರಡನ್ನು ಕೂಡಿ. ಡಿಡಕ್ಟಿಬಲ್ ಅದಕ್ಕಿಂತ ಮೇಲೆ ಹೋಗಬಾರದು. 3 ಲಕ್ಷದ ಮೂಲ ಪಾಲಿಸಿ, 2 ಲಕ್ಷ ಉಳಿತಾಯ ಇದ್ದರೆ 5 ಲಕ್ಷವೇ ಗರಿಷ್ಠ. ಉಳಿತಾಯ ಮುಟ್ಟುವುದು ಬೇಡ ಅಂದರೆ 3 ಲಕ್ಷ.

ಇಲ್ಲಿ ಹಲವರು ಎಡವುವ ಜಾಗವೊಂದಿದೆ. ‘ಅಪ್ಪನಿಗೆ ಆಯುಷ್ಮಾನ್ 5 ಲಕ್ಷ ಇದೆ, ಅದರ ಮೇಲೆ 5 ಲಕ್ಷ ಡಿಡಕ್ಟಿಬಲ್‌ನ ಸೂಪರ್ ಟಾಪ್-ಅಪ್ ಸಾಕು’ ಅನ್ನೋ ಲೆಕ್ಕ. ಕಾಗದದ ಮೇಲೆ ಚೆನ್ನಾಗಿದೆ. ಆದರೆ ತುರ್ತಿಗೆ ಸೇರಿಸಿದ ಆಸ್ಪತ್ರೆ ಆಯುಷ್ಮಾನ್ ಪಟ್ಟಿಯಲ್ಲಿ ಇಲ್ಲದಿದ್ದರೆ ಮೊದಲ 5 ಲಕ್ಷ ಪೂರ್ತಿ ನಿಮ್ಮ ಕೈಯಿಂದಲೇ ಹೋಗುತ್ತದೆ. ಇನ್ನೊಂದು, ಸರ್ಕಾರಿ ಯೋಜನೆಯಲ್ಲಿ ಚಿಕಿತ್ಸೆ ನಡೆಯುವುದು ನಿಗದಿತ ಪ್ಯಾಕೇಜ್ ದರದಲ್ಲಿ. ಅಲ್ಲಿ ಖರ್ಚಾದ ಮೊತ್ತವನ್ನು ಖಾಸಗಿ ಕಂಪನಿ ಡಿಡಕ್ಟಿಬಲ್ ಲೆಕ್ಕಕ್ಕೆ ತೆಗೆದುಕೊಳ್ಳುತ್ತದಾ ಅನ್ನೋದನ್ನು ಏಜೆಂಟ್ ಬಾಯಿಮಾತಿಗೆ ಬಿಡಬೇಡಿ, ಕಂಪನಿಯಿಂದ ಇಮೇಲ್‌ನಲ್ಲಿ ಉತ್ತರ ಪಡೆಯಿರಿ. ಸರ್ಕಾರಿ ಕಾರ್ಡ್ ಬಿಟ್ಟರೆ ಬೇರೇನೂ ಇಲ್ಲದ ಮನೆಗೆ 3 ಲಕ್ಷದ ಸಣ್ಣ ಮೂಲ ಪಾಲಿಸಿ ಮತ್ತು ಅದಕ್ಕೆ ಹೊಂದುವ ಸೂಪರ್ ಟಾಪ್-ಅಪ್ ಹೆಚ್ಚು ಭದ್ರ.

ಎರಡೂ ಪಾಲಿಸಿ ಒಂದೇ ದಿನಾಂಕಕ್ಕೆ ಶುರುವಾಗುವಂತೆ ನೋಡಿಕೊಳ್ಳಿ. ಡಿಡಕ್ಟಿಬಲ್ ತುಂಬಿತೇ ಅಂತ ಎಣಿಸುವುದು ಪಾಲಿಸಿ ವರ್ಷದ ಮೇಲೆ. ದಿನಾಂಕ ಬೇರೆಯಾದರೆ ಮೂಲ ಪಾಲಿಸಿ ಖಾಲಿಯಾಗಿದ್ದರೂ ಸೂಪರ್ ಟಾಪ್-ಅಪ್‌ನಲ್ಲಿ ಲೆಕ್ಕ ಮತ್ತೆ ಸೊನ್ನೆಯಿಂದ ಶುರುವಾಗಬಹುದು. ಆಸ್ಪತ್ರೆ ಸೇರಿದಾಗ ಎರಡೂ ಕಂಪನಿಗೆ ತಿಳಿಸಿ. ಸಣ್ಣ ಬಿಲ್ಲುಗಳ ಪ್ರತಿಗಳನ್ನೂ, ಮೂಲ ಪಾಲಿಸಿಯವರು ಕೊಟ್ಟ ಸೆಟಲ್‌ಮೆಂಟ್ ಪತ್ರವನ್ನೂ ಎತ್ತಿಡಿ.

ಸಣ್ಣಕ್ಷರದಲ್ಲಿ ನೋಡಬೇಕಾದ್ದು

*ಕೋ-ಪೇ:* ಪ್ರತಿ ಕ್ಲೇಮ್‌ನಲ್ಲಿ ನೀವು ಹಾಕಬೇಕಾದ ಪಾಲು. ಶೇ. 20 ಅಂದರೆ 4 ಲಕ್ಷದ ಕ್ಲೇಮ್‌ಗೆ 80 ಸಾವಿರ ನಿಮ್ಮ ಜೇಬಿನಿಂದ. ಹಿರಿಯರ ಪಾಲಿಸಿಗಳಲ್ಲಿ ಇದು ಮಾಮೂಲು. ಕೋ-ಪೇ ಇಲ್ಲದ ಪಾಲಿಸಿಗೆ ವರ್ಷಕ್ಕೆ ಎಷ್ಟು ಹೆಚ್ಚಾಗುತ್ತದೆ ಅಂತ ಹೋಲಿಸಿ.

*ರೂಮ್ ಬಾಡಿಗೆ ಮಿತಿ:* ಮಿತಿ ದಿನಕ್ಕೆ 5 ಸಾವಿರ ಇದ್ದು 10 ಸಾವಿರದ ರೂಮ್ ತೆಗೆದುಕೊಂಡರೆ ಬಾಡಿಗೆ ಮಾತ್ರ ಅರ್ಧವಾಗುವುದಿಲ್ಲ. ವೈದ್ಯರ ಫೀಸು, ಆಪರೇಷನ್ ಥಿಯೇಟರ್ ಶುಲ್ಕದಂಥವೂ ಅದೇ ಪ್ರಮಾಣದಲ್ಲಿ ಕಡಿತವಾಗಬಹುದು. ಔಷಧಿ, ಇಂಪ್ಲಾಂಟ್, ಲ್ಯಾಬ್ ಪರೀಕ್ಷೆಗಳಿಗೆ ಈ ಕಡಿತ ಹಾಕುವಂತಿಲ್ಲ.

*ಉಪಮಿತಿ:* ಕಣ್ಣಿನ ಪೊರೆ, ಮಂಡಿ ಬದಲಾವಣೆಗೆ ಪ್ರತ್ಯೇಕ ಮಿತಿ ಇದೆಯಾ ನೋಡಿ. ವಯಸ್ಸಾದವರಿಗೆ ಬೇಕಾಗುವುದೇ ಇವು.

*ನೆಟ್‌ವರ್ಕ್ ಆಸ್ಪತ್ರೆ:* ‘ದೇಶದಲ್ಲಿ ಇಷ್ಟು ಸಾವಿರ ಆಸ್ಪತ್ರೆ’ ಅನ್ನೋದು ಬೇಡ. ಅಪ್ಪ-ಅಮ್ಮ ಇರುವುದು ಹಾಸನದಲ್ಲೋ ಕೊಪ್ಪಳದಲ್ಲೋ ಆದರೆ ಆ ಊರಲ್ಲಿ, ಒಂದು ಗಂಟೆಯ ದಾರಿಯಲ್ಲಿ ನಗದುರಹಿತ ಚಿಕಿತ್ಸೆ ಎಲ್ಲಿ ಸಿಗುತ್ತದೆ, ಅಷ್ಟು ನೋಡಿ.

ಬಿಪಿ, ಶುಗರ್ ಮುಚ್ಚಿಡಬೇಡಿ

2024ರ ಏಪ್ರಿಲ್‌ನಿಂದ ಜಾರಿಗೆ ಬಂದ ಐಆರ್‌ಡಿಎಐ ನಿಯಮಗಳ ಪ್ರಕಾರ, ಮೊದಲೇ ಇರುವ ಕಾಯಿಲೆಗಳಿಗೆ ಕಾಯುವ ಅವಧಿ ಗರಿಷ್ಠ 3 ವರ್ಷ. ಮೊದಲು ಇದು 4 ವರ್ಷವಿತ್ತು. ಮಂಡಿ ಬದಲಾವಣೆ, ಹರ್ನಿಯಾದಂಥ ಕೆಲವು ಚಿಕಿತ್ಸೆಗಳಿಗೂ ಬೇರೆ ಕಾಯುವ ಅವಧಿ ಇರುತ್ತದೆ. ಸತತ 60 ತಿಂಗಳು ಪಾಲಿಸಿ ನಡೆಸಿದ ಮೇಲೆ, ಸಾಬೀತಾದ ವಂಚನೆಯನ್ನು ಬಿಟ್ಟರೆ, ‘ಕಾಯಿಲೆ ಹೇಳಿರಲಿಲ್ಲ’ ಅಂತ ಕ್ಲೇಮ್ ನಿರಾಕರಿಸುವಂತಿಲ್ಲ. ಆದರೆ ಆ 5 ವರ್ಷದೊಳಗೆ ಸಿಕ್ಕಿಬಿದ್ದರೆ ಕಟ್ಟಿದ ದುಡ್ಡೂ ಹೋಯಿತು, ರಕ್ಷಣೆಯೂ ಹೋಯಿತು. ‘ಇದನ್ನೆಲ್ಲ ಬರೆಯೋದು ಬೇಡ ಸಾರ್’ ಅಂತ ಏಜೆಂಟ್ ಹೇಳಿದರೆ ಬೇರೆ ಏಜೆಂಟ್ ಹುಡುಕಿ. ಅರ್ಜಿಯನ್ನು ನೀವೇ ಓದಿ, ನೀವೇ ತುಂಬಿ.

65 ದಾಟಿದವರಿಗೂ ಹೊಸ ಪಾಲಿಸಿ ಕೊಳ್ಳಲು ಈಗ ನಿಯಂತ್ರಕರ ನಿಯಮದಲ್ಲಿ ಅಡ್ಡಿ ಇಲ್ಲ. ಹಾಗಂತ ಪ್ರತಿ ಅರ್ಜಿಯನ್ನೂ ಕಂಪನಿ ಒಪ್ಪಲೇಬೇಕು ಅಂತಲ್ಲ. ತಡ ಮಾಡಿದಷ್ಟೂ ಬಾಗಿಲು ಕಿರಿದಾಗುತ್ತದೆ. ಅಪ್ಪ-ಅಮ್ಮನನ್ನು ನಿಮ್ಮ ಫ್ಯಾಮಿಲಿ ಫ್ಲೋಟರ್‌ಗೆ ಸೇರಿಸಬೇಡಿ. ಅಲ್ಲಿ ಪ್ರೀಮಿಯಂ ಸಾಮಾನ್ಯವಾಗಿ ಅತಿ ಹಿರಿಯ ಸದಸ್ಯರ ವಯಸ್ಸಿನ ಮೇಲೆ ನಿಲ್ಲುತ್ತದೆ.

ಇವತ್ತಿನ ಬೆಲೆ ಅಲ್ಲ, ಹತ್ತು ವರ್ಷದ ಬೆಲೆ

2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಇದ್ದ ಶೇ. 18 ಜಿಎಸ್‌ಟಿ ತೆಗೆಯಲಾಗಿದೆ. ಮೊದಲು 20 ಸಾವಿರದ ಪ್ರೀಮಿಯಂಗೆ 23,600 ಕಟ್ಟಬೇಕಿತ್ತು. ಗುಂಪು ವಿಮೆಗೆ ಈ ವಿನಾಯಿತಿ ಇಲ್ಲ. ಹಳೆಯ ಆದಾಯ ತೆರಿಗೆ ಪದ್ಧತಿಯಲ್ಲಿರುವವರು 60 ದಾಟಿದ ತಂದೆ-ತಾಯಿಯ ಪ್ರೀಮಿಯಂಗೆ ವರ್ಷಕ್ಕೆ 50 ಸಾವಿರದವರೆಗೆ ಕಡಿತ ಪಡೆಯಬಹುದು.

2025ರ ಜನವರಿಯಲ್ಲಿ ಐಆರ್‌ಡಿಎಐ ಇನ್ನೊಂದು ಆದೇಶ ಹೊರಡಿಸಿತು: ಹಿರಿಯ ನಾಗರಿಕರ ಪ್ರೀಮಿಯಂ ಅನ್ನು ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚು ಏರಿಸಬೇಕಾದರೆ ಕಂಪನಿ ತನ್ನ ಜೊತೆ ಮೊದಲು ಸಮಾಲೋಚಿಸಬೇಕು. ಒಳ್ಳೆಯದೇ. ಆದರೆ ಲೆಕ್ಕ ಹಾಕಿ ನೋಡಿ. ವರ್ಷಕ್ಕೆ ಶೇ. 10ರಂತೆ ಏರಿದರೂ ಇವತ್ತಿನ 20 ಸಾವಿರ ಹತ್ತು ವರ್ಷದಲ್ಲಿ ಸುಮಾರು 52 ಸಾವಿರ ಆಗುತ್ತದೆ. ಇಪಿಎಸ್ ಪಿಂಚಣಿಗೆ ಬೆಲೆಯೇರಿಕೆಗೆ ತಕ್ಕ ತುಟ್ಟಿಭತ್ಯೆ ಇಲ್ಲ. ಕಟ್ಟಿಕೊಂಡು ಹೋಗಲಾಗದೆ 72ನೇ ವಯಸ್ಸಿಗೆ ಬಿಟ್ಟುಬಿಡುವ ಪಾಲಿಸಿ ಅಗ್ಗದ ಪಾಲಿಸಿ ಅಲ್ಲ. ಹತ್ತು ವರ್ಷ ತಡೆದುಕೊಳ್ಳಬಲ್ಲ ಮೊತ್ತದಿಂದ ಶುರು ಮಾಡಿ. ಅಣ್ಣ-ತಮ್ಮ, ಅಕ್ಕ-ತಂಗಿಯರಿದ್ದರೆ ಯಾರು ಎಷ್ಟು ಕಟ್ಟಬೇಕು ಅಂತ ಮೊದಲೇ ಮಾತಾಡಿಕೊಳ್ಳಿ.

ಪಾಲಿಸಿ ಕೈಸೇರಿದ ಮೇಲೂ 30 ದಿನದೊಳಗೆ ಓದಿ ನೋಡಿ, ಬೇಡ ಅನ್ನಿಸಿದರೆ ವಾಪಸ್ ಕೊಡಬಹುದು.

ಕ್ಲೇಮ್ ತಿರಸ್ಕಾರವಾದರೆ

ನಗದುರಹಿತ ಚಿಕಿತ್ಸೆಯ ಕೋರಿಕೆಗೆ ಕಂಪನಿ ಒಂದು ಗಂಟೆಯೊಳಗೆ, ಡಿಸ್ಚಾರ್ಜ್ ಅನುಮತಿಗೆ ಮೂರು ಗಂಟೆಯೊಳಗೆ ಉತ್ತರಿಸಬೇಕು ಅಂತ 2024ರ ಸುತ್ತೋಲೆ ಹೇಳುತ್ತದೆ. ನಿರಾಕರಿಸಿದರೆ ಯಾವ ಷರತ್ತಿನ ಪ್ರಕಾರ ಅಂತ ಬರಹದಲ್ಲಿ ಕೇಳಿ. ಮೊದಲು ಕಂಪನಿಯ ದೂರು ವಿಭಾಗ, ಜೊತೆಗೆ ಐಆರ್‌ಡಿಎಐನ ‘ಬಿಮಾ ಭರೋಸಾ’ ಪೋರ್ಟಲ್. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಸರಿಯೆನಿಸದಿದ್ದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ಗೆ ಒಂದು ವರ್ಷದೊಳಗೆ ಹೋಗಬಹುದು. ಶುಲ್ಕ ಇಲ್ಲ, ವಕೀಲರು ಬೇಡ. 50 ಲಕ್ಷ ರೂಪಾಯಿವರೆಗಿನ ಆದೇಶ ಕೊಡುವ ಅಧಿಕಾರ ಅವರಿಗಿದೆ, ಅದು ಕಂಪನಿಯನ್ನು ಕಟ್ಟಿಹಾಕುತ್ತದೆ.

ಕೊನೆಗೂ ಉಳಿಯುವ ಪ್ರಶ್ನೆ

ಇಷ್ಟೆಲ್ಲ ಓದಿ, ಲೆಕ್ಕ ಹಾಕಿ, ಇಮೇಲ್ ಕಳಿಸಿ ಪಾಲಿಸಿ ಕೊಳ್ಳಲು ಆಗುವುದು ಇಂಗ್ಲಿಷ್ ಬಲ್ಲ, ಸಂಬಳ ಬರುವ ಮಕ್ಕಳಿರುವ ಮನೆಗೆ. ಅಂಥ ಮಕ್ಕಳಿಲ್ಲದ ನಿವೃತ್ತ ಕಾರ್ಮಿಕರಿಗೆ ಉಳಿಯುವುದು ಸರ್ಕಾರಿ ಆಸ್ಪತ್ರೆ ಮತ್ತು ಸಾಲ. ಜಯದೇವ, ಕಿದ್ವಾಯಿಯಂಥ ಸಂಸ್ಥೆಗಳ ಮುಂದಿನ ಸಾಲು ನೋಡಿದರೆ ಜನ ನಂಬಿರುವುದು ಯಾವುದನ್ನು ಅಂತ ತಿಳಿಯುತ್ತದೆ. ಅಪ್ಪ-ಅಮ್ಮನಿಗೆ ಸೂಪರ್ ಟಾಪ್-ಅಪ್ ಮಾಡಿಸಿ, ತಪ್ಪಿಲ್ಲ. ಜೊತೆಗೆ ನಿಮ್ಮ ಶಾಸಕರನ್ನು, ಸಂಸದರನ್ನು ಎರಡು ಪ್ರಶ್ನೆ ಕೇಳಿ: 2014ರಲ್ಲಿ ಸಾವಿರ ರೂಪಾಯಿಗೆ ನಿಂತ ಕನಿಷ್ಠ ಪಿಂಚಣಿ ಏರುವುದು ಯಾವಾಗ? ನಮ್ಮ ಜಿಲ್ಲಾಸ್ಪತ್ರೆಯಲ್ಲಿ ಹೃದಯ, ಕಿಡ್ನಿ ತಜ್ಞರ ಹುದ್ದೆ ಎಷ್ಟು ಖಾಲಿ ಇವೆ?