ಹುತ್ತದ ಅಣಬೆ, ಹಾಲು ಅಣಬೆ

ಊರು ಬಿಟ್ಟು ಬಂದವರಿಗೆ ಹೊಸ ಊರಿನಲ್ಲಿ ಏನು ಸಿಗುತ್ತೆ, ಏನು ಸಿಗೋಲ್ಲ ಅನ್ನುವ ಜಮಾಖರ್ಚಿನ ಪಟ್ಟಿ ಒಂದೇ ವರ್ಷದಲ್ಲಿ ಬಾಯಿಪಾಠ ಆಗಿಬಿಡುತ್ತದೆ. ಚೆನ್ನೈ ಮಟ್ಟಿಗೆ ಹೇಳುವುದಾದರೆ ಕನ್ನಡಿಗರಿಗೆ ಜಮಾದ ಬದಿಯೇ ಹೆಚ್ಚು. ಕೆ. ಕೃಷ್ಣರಾಯರು 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲು ತೆರೆದಾಗಿನಿಂದ ಇಲ್ಲಿನ ಜನ ನಮ್ಮ ಕರಾವಳಿಯ ಕೈರುಚಿಯನ್ನು ತಮ್ಮದೇ ಅಂದುಕೊಂಡಿದ್ದಾರೆ. ದೋಸೆಗೆ, ಕಾಫಿಗೆ, ತೆಂಗಿನಕಾಯಿಗೆ, ಹಲಸಿನಹಣ್ಣಿಗೆ ಇಲ್ಲಿ ಕೊರತೆಯಿಲ್ಲ. ಮಲೆನಾಡಿನಿಂದ ಬಂದ ನನ್ನಂಥವರಿಗೆ ಮಾತ್ರ ಇನ್ನೊಂದು ಬದಿಯಲ್ಲಿ ಒಂದು ಬಾಕಿ ಹಾಗೇ ಉಳಿದಿರುತ್ತದೆ. ಅದು ಹುತ್ತದ ಅಣಬೆ.

ಹಾಗಂತ ಚೆನ್ನೈನಲ್ಲಿ ಅಣಬೆ ಸಿಗೋದಿಲ್ಲ ಅಂತಲ್ಲ. ಬೇಕಾದಷ್ಟು ಸಿಗುತ್ತದೆ. ತಮಿಳಿನಲ್ಲಿ ಅದು ‘ಕಾಳಾನ್’. ಅಂಗಡಿಯಲ್ಲಿ ಬಟನ್ ಅಣಬೆ, ‘ಸಿಪ್ಪಿ ಕಾಳಾನ್’ ಅಂದರೆ ಚಿಪ್ಪು ಅಣಬೆ, ‘ಪಾಲ್ ಕಾಳಾನ್’ ಅಂದರೆ ಹಾಲು ಅಣಬೆ, ಮೂರೂ ಪೊಟ್ಟಣ ಕಟ್ಟಿ ಇಟ್ಟಿರುತ್ತಾರೆ. ಸಂಜೆ ತಳ್ಳುಗಾಡಿಯವರು ದೊಡ್ಡ ಕಾವಲಿಯ ಮೇಲೆ ಮಸಾಲೆ ಹಾಕಿ, ಈರುಳ್ಳಿ ಉದುರಿಸಿ ಕೊಡುವ ತಿಂಡಿಯ ಹೆಸರೂ ಕಾಳಾನ್. ಅದರಲ್ಲಿ ಅಣಬೆಗಿಂತ ಎಲೆಕೋಸೇ ಜಾಸ್ತಿ, ಆ ಮಾತು ಬೇರೆ. ಇಷ್ಟೆಲ್ಲ ಇದ್ದರೂ ಊರಿನ ಅಣಬೆ ಯಾಕೆ ಇಲ್ಲ, ಈ ಅಣಬೆಗಳು ಎಲ್ಲಿಂದ ಬಂದವು ಎಂದು ಹುಡುಕುತ್ತಾ ಹೋದರೆ ಒಳ್ಳೆಯ ಚರಿತ್ರೆಯೇ ಸಿಗುತ್ತದೆ. ಅದರಲ್ಲಿ ಮದ್ರಾಸೂ ಇದೆ, ಮೈಸೂರೂ ಇದೆ.

ಮೊದಲಿಗೆ ಹಳೆಯ ಕಾಲ. ತಮಿಳಿನ ಸಂಗಂ ಸಾಹಿತ್ಯದಲ್ಲಿ ಅಣಬೆಗೆ ‘ಆಂಬಿ’ ಎಂಬ ಹೆಸರಿದೆ. ನಮ್ಮ ‘ಅಣಬೆ’, ತುಳುವಿನ ‘ಅಲಂಬು’ ಎರಡೂ ಕಿವಿಗೆ ಅದರ ಹತ್ತಿರವೇ ಕೇಳಿಸುತ್ತವೆ. ಪುರನಾನೂರಿನ 164ನೇ ಪದ್ಯದಲ್ಲಿ ಪೆರುಂತಲೈ ಚಾತ್ತನಾರ್ ಎಂಬ ಕವಿ ಕುಮಣನೆಂಬ ದೊರೆಯ ಮುಂದೆ ತನ್ನ ಮನೆಯ ಬಡತನ ಹೇಳಿಕೊಳ್ಳುತ್ತಾನೆ. ಅಡುಗೆಯನ್ನೇ ಮರೆತ ಒಲೆಯಲ್ಲಿ ಆಂಬಿ ಎದ್ದಿದೆ ಎಂಬುದು ಅಲ್ಲಿನ ಚಿತ್ರ. ಸಿರುಪಾಣಾಟ್ರುಪ್ಪಡೈ ಎಂಬ ಇನ್ನೊಂದು ಕಾವ್ಯದಲ್ಲೂ ಬಡ ಪಾಣನ ಅಡುಗೆಮನೆಯಲ್ಲಿ ಗೆದ್ದಲು ತಿಂದ ಗೋಡೆಯ ಪಕ್ಕ ಅಣಬೆ ಹುಟ್ಟಿರುತ್ತದೆ. ಬೆಂಕಿ ಕಾಣದ ಮನೆಯಲ್ಲಿ ಅಣಬೆ ಏಳುತ್ತದೆ ಎಂದರೆ ಆ ಕವಿಗಳಿಗೆ ಅದು ಹಸಿವಿನ ಗುರುತು, ಊಟದ ಗುರುತಲ್ಲ.

ಸಂಸ್ಕೃತದ ಕಡೆ ನೋಡಿದರೆ ಎರಡು ಮಾತಿದೆ. ಮನುಸ್ಮೃತಿಯ ಐದನೇ ಅಧ್ಯಾಯ ಬೆಳ್ಳುಳ್ಳಿ, ಈರುಳ್ಳಿಗಳ ಸಾಲಿನಲ್ಲೇ ಅಣಬೆಯನ್ನೂ ದ್ವಿಜರಿಗೆ ಬೇಡ ಎಂದು ಹೇಳಿದೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ, ಹಳೆಯ ಕ್ರಮದ ಉಡುಪಿ ಅಡುಗೆಯಲ್ಲಿ ಅಣಬೆ ಒಳಗೆ ಬಾರದೆ ಇದ್ದದ್ದಕ್ಕೆ ಇಂಥ ನಿಷೇಧವೇ ಕಾರಣ. ಆದರೆ ವೈದ್ಯರು ಅಷ್ಟು ಕಟ್ಟುನಿಟ್ಟಾಗಿರಲಿಲ್ಲ. ಸುಶ್ರುತ ಸಂಹಿತೆ ಅಣಬೆಗಳನ್ನು ಅವು ಹುಟ್ಟುವ ಜಾಗದ ಮೇಲೆ ವಿಂಗಡಿಸುತ್ತದೆ: ಹುಲ್ಲು, ಕಬ್ಬು, ಸಗಣಿ, ಬಿದಿರು, ನೆಲ. ಹುಲ್ಲಿನ ಮೇಲೆ ಹುಟ್ಟಿದ್ದು ಸಿಹಿ, ದೋಷಗಳನ್ನು ಶಮನ ಮಾಡುತ್ತದೆ ಎಂದು ಅದಕ್ಕೆ ಒಳ್ಳೆಯ ಮಾತು ಬರೆದಿದೆ. ಈ ಹುಲ್ಲಿನ ಮಾತು ನೆನಪಿರಲಿ, ಮುಂದಿನ ಕಥೆಯೆಲ್ಲ ಹುಲ್ಲಿನದ್ದೇ.

ಇಲ್ಲಿಗೆ ಮದ್ರಾಸು ಬರುತ್ತದೆ. ಸೈದಾಪೇಟೆಯಲ್ಲಿ 1868ರಲ್ಲಿ ಒಂದು ಕೃಷಿ ಶಾಲೆ ಶುರುವಾಯಿತು. 1906ರಲ್ಲಿ ಅದನ್ನು ಕೊಯಮತ್ತೂರಿಗೆ ಸಾಗಿಸಿದರು. ಆ ಕೊಯಮತ್ತೂರು ಕೃಷಿ ಕಾಲೇಜಿನಲ್ಲಿ ಕೆ.ಎಂ. ಥಾಮಸ್ ಮತ್ತು ಅವರ ಜೊತೆಯವರು ಭತ್ತದ ಹುಲ್ಲಿನ ಮೇಲೆ ಅಣಬೆ ಬೆಳೆಸುವ ಕ್ರಮವನ್ನು 1943ರಲ್ಲಿ ಪ್ರಕಟಿಸಿದರು. ಯುದ್ಧದ ಕಾಲ, ಅಕ್ಕಿಗೇ ತತ್ವಾರ. ಆಗ ದಕ್ಷಿಣ ಕನ್ನಡ, ಕಾಸರಗೋಡು ಎಲ್ಲ ಮದ್ರಾಸ್ ಪ್ರಾಂತಕ್ಕೇ ಸೇರಿದ್ದವು ಎಂಬುದನ್ನು ಮರೆಯಬಾರದು. ಅಂದರೆ ಆ ಕಾಲೇಜು ನಮ್ಮ ಕರಾವಳಿಯವರ ಪಾಲಿಗೂ ಸರ್ಕಾರಿ ಕೃಷಿ ಕಾಲೇಜೇ.

ಭತ್ತದ ಹುಲ್ಲಿನ ಅಣಬೆ ರುಚಿಯೇನೋ ಸರಿ, ಆದರೆ ಕಿತ್ತ ಕೆಲವೇ ಗಂಟೆಗಳಲ್ಲಿ ಅರಳಿ ಕೆಡುತ್ತದೆ. ಪೇಟೆಗೆ ಒಗ್ಗಲಿಲ್ಲ. ಮುಂದಿನ ಹೆಜ್ಜೆ ಮೈಸೂರಿನಲ್ಲಿ ಬಿತ್ತು. ಚೆಲುವಾಂಬ ಅರಮನೆಯಲ್ಲಿ 1950ರಲ್ಲಿ ಆರಂಭವಾದ ಸಿ.ಎಫ್.ಟಿ.ಆರ್.ಐ. ಗೊತ್ತಲ್ಲ, ಅಲ್ಲಿ ಝಕಿಯಾ ಬಾನು ಮತ್ತು ಎಚ್.ಸಿ. ಶ್ರೀವಾಸ್ತವ ಎಂಬ ವಿಜ್ಞಾನಿಗಳು 1962ರಲ್ಲಿ ಚಿಪ್ಪು ಅಣಬೆಯನ್ನು ಭತ್ತದ ಹುಲ್ಲಿನ ಮೇಲೆ ಬೆಳೆಸಿ ತೋರಿಸಿದರು. ಇವತ್ತು ಚೆನ್ನೈ ಅಂಗಡಿಯಲ್ಲಿ ಸಿಪ್ಪಿ ಕಾಳಾನ್ ಅಂತ ಮಾರುವ ಅಣಬೆಯ ಬೇಸಾಯಕ್ಕೆ ನಮ್ಮ ದೇಶದಲ್ಲಿ ದಾರಿ ಮಾಡಿದ ಕೆಲಸಗಳಲ್ಲಿ ಅದು ಮೊದಲಿನ ಸಾಲಿನದು. ಕೊಯಮತ್ತೂರಿನಿಂದ ಮೈಸೂರಿಗೆ, ಮೈಸೂರಿನಿಂದ ಮತ್ತೆ ತಮಿಳುನಾಡಿಗೆ ಹುಲ್ಲಿನ ವಿದ್ಯೆ ಹೀಗೆ ಓಡಾಡಿತು. ಕಾವೇರಿ ನೀರಿನ ವಿಷಯದಲ್ಲಿ ಎರಡೂ ರಾಜ್ಯ ಎಷ್ಟು ಜಗಳವಾಡಿದರೂ ಅಣಬೆಯ ವಿಷಯದಲ್ಲಿ ಕೊಡುಕೊಳ್ಳುವಿಕೆ ಸಲೀಸಾಗಿಯೇ ನಡೆದಿದೆ.

ಚೆನ್ನೈಗೆ ಒಂದು ತೊಂದರೆ ಉಳಿದಿತ್ತು, ಸೆಕೆ. ಬಟನ್ ಅಣಬೆಗೆ ಮೊಗ್ಗೊಡೆಯಲು 14ರಿಂದ 18 ಡಿಗ್ರಿ ತಂಪು ಬೇಕು. ಊಟಿಯಂಥ ಕಡೆ ಸರಿ, ಇಲ್ಲದಿದ್ದರೆ ಏರ್‌ಕಂಡಿಷನ್ ಕೋಣೆ ಕಟ್ಟಬೇಕು. ಚಿಪ್ಪು ಅಣಬೆಗೂ ಮೇ ತಿಂಗಳ ಚೆನ್ನೈ ಆಗಿಬರೋಲ್ಲ. ಪಶ್ಚಿಮ ಬಂಗಾಳದಲ್ಲಿ ಪುರಕಾಯಸ್ಥ ಮತ್ತು ಚಂದ್ರ ಎಂಬ ವಿಜ್ಞಾನಿಗಳು ಬಿಳಿಯ, ದಪ್ಪ ಕಾಲಿನ ಒಂದು ಅಣಬೆಯನ್ನು 1974ರಲ್ಲಿ ವಿವರಿಸಿ ಕ್ಯಾಲೊಸೈಬ್ ಇಂಡಿಕಾ ಎಂದು ಹೆಸರಿಟ್ಟಿದ್ದರು. ತಮಿಳುನಾಡು ಕೃಷಿ ವಿಶ್ವವಿದ್ಯಾಲಯದವರು ಅದನ್ನು ಪಳಗಿಸಿ 1998ರಲ್ಲಿ ‘ಎಪಿಕೆ-2’ ಎಂಬ ತಳಿಯಾಗಿ ಬಿಡುಗಡೆ ಮಾಡಿದರು. ಎಪಿಕೆ ಅಂದರೆ ಅರುಪ್ಪುಕ್ಕೋಟೈ, ವಿರುದುನಗರ ಜಿಲ್ಲೆಯ ಒಣ ಸೀಮೆಯ ಊರು. ಅದೇ ಹಾಲು ಅಣಬೆ. 30ರಿಂದ 35 ಡಿಗ್ರಿ ಸೆಕೆಯೇ ಇದಕ್ಕೆ ಹಿತ. ಕತ್ತರಿಸಿದ ಹುಲ್ಲನ್ನು ಬೇಯಿಸಿ, ನೀರು ಬಸಿದು, ಚೀಲದಲ್ಲಿ ಹುಲ್ಲು ಒಂದು ಪದರ, ಅಣಬೆ ಬೀಜ ಒಂದು ಪದರ ಎಂದು ತುಂಬುತ್ತಾರೆ. ಬಿಳಿಯ ಜಾಲ ಹಬ್ಬಿದ ಮೇಲೆ ಚೀಲವನ್ನು ಎರಡು ಮಾಡಿ ಮೇಲೆ ಮಣ್ಣು ಹರಡುತ್ತಾರೆ. ಸುಮಾರು ಒಂದೂವರೆ ತಿಂಗಳಿಗೆ ಬೆಳೆ ಮುಗಿಯುತ್ತದೆ.

ಬ್ಯಾಂಕಿನಲ್ಲಿದ್ದಾಗ ಇಂಥ ಘಟಕಗಳ ಸಾಲದ ಅರ್ಜಿ ನನ್ನ ಮೇಜಿಗೂ ಬರುತ್ತಿದ್ದವು. ಶೆಡ್ಡು ಎಷ್ಟು ದೊಡ್ಡದು ಅನ್ನೋದಕ್ಕಿಂತ ಬೀಜ ಎಲ್ಲಿಂದ ತರುತ್ತೀರಿ, ಮಾಲು ಎಷ್ಟು ಹೊತ್ತಿಗೆ ಯಾರಿಗೆ ಹೋಗುತ್ತೆ ಅಂತಲೇ ನಾವು ಮೊದಲು ಕೇಳುತ್ತಿದ್ದದ್ದು. ಚಿಪ್ಪು ಅಣಬೆ ಫ್ರಿಜ್ಜಿಲ್ಲದೆ ಒಂದು ದಿನ ದಾಟುವುದು ಕಷ್ಟ. ಹಾಲು ಅಣಬೆ ಮೂರು ನಾಲ್ಕು ದಿನ ತಡೆಯುತ್ತದೆ. ಸಣ್ಣ ಬೆಳೆಗಾರನ ಕಂತು ಕಟ್ಟುವ ಶಕ್ತಿ ಆ ಎರಡು ದಿನದ ವ್ಯತ್ಯಾಸದಲ್ಲಿತ್ತು.

ಈಗ ಊರಿನ ಅಣಬೆಗೆ ಬರೋಣ. ಮೊದಲ ಮಳೆ, ಗುಡುಗು ಆದ ಮೇಲೆ ಹುತ್ತದ ಸುತ್ತ ಏಳುವ ಆ ಅಣಬೆಯನ್ನು ನಿಜವಾಗಿ ಬೇಸಾಯ ಮಾಡುವುದು ಗೆದ್ದಲು. ಕಟ್ಟಿಗೆ, ತರಗೆಲೆ ಅಗಿದು ತಂದು ನೆಲದಡಿ ಜೇನುತಟ್ಟಿಯಂಥ ತೋಟ ಕಟ್ಟಿ ಅದರಲ್ಲಿ ಶಿಲೀಂಧ್ರ ಸಾಕುತ್ತದೆ. ಅಲ್ಲಿಂದ ಉದ್ದನೆಯ ಬೇರಿನಂಥ ಕಾಲು ಮೇಲೆ ಬಂದು ನಮಗೆ ಕೊಡೆ ಕಾಣಿಸುತ್ತದೆ. ಈ ಬಳಗಕ್ಕೆ ಟರ್ಮಿಟೊಮೈಸಿಸ್ ಎಂದು ಹೆಸರು. ಪಶ್ಚಿಮ ಘಟ್ಟದಲ್ಲಿ ಜನ ಕಿತ್ತು ತಿನ್ನುವ ಇದರ ಒಂದು ಜಾತಿ ಟರ್ಮಿಟೊಮೈಸಿಸ್ ಹೀಮಿಯೈ. ಅದಕ್ಕೆ 1979ರಲ್ಲಿ ಆ ಹೆಸರು ಕೊಟ್ಟವರು ಮದ್ರಾಸ್ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ಕೇಂದ್ರದ ಕೆ. ನಟರಾಜನ್. ನಮ್ಮ ಹುತ್ತದ ಅಣಬೆಗೆ ಶಾಸ್ತ್ರೋಕ್ತವಾಗಿ ನಾಮಕರಣ ಮಾಡಿದವರು ಇದೇ ಊರಿನವರು ಎಂದು ತಿಳಿದಾಗ ನನಗೆ ಸಂತೋಷವೇ ಆಯಿತು. ಆದರೆ ಗೆದ್ದಲಿನ ವಿದ್ಯೆ ಮನುಷ್ಯನಿಗೆ ಇನ್ನೂ ದಕ್ಕಿಲ್ಲ. ಲಾಭಕ್ಕೆ ಬೆಳೆಯುವ ಕ್ರಮ ಇವತ್ತಿಗೂ ಇಲ್ಲ. ಹಾಗಾಗಿ ಆ ಅಣಬೆ ಊರಲ್ಲೇ ಇರುತ್ತದೆ, ನಾವು ಮಾತ್ರ ಊರು ಬಿಡುತ್ತೇವೆ.

ಊರು ಬಿಟ್ಟವರು ತಿಳಿಯಬೇಕಾದ ಗಂಭೀರ ವಿಷಯ ಇಲ್ಲೊಂದಿದೆ. ಅಣಬೆ ಗುರುತಿಸುವ ಜ್ಞಾನ ಆಯಾ ನೆಲದ್ದು. ನಮ್ಮ ಹಿತ್ತಲಲ್ಲಿ ಕಣ್ಣುಮುಚ್ಚಿ ಕೀಳುತ್ತಿದ್ದ ಅಜ್ಜಿಯನ್ನು ಬೇರೆ ಸೀಮೆಯಲ್ಲಿ ಬಿಟ್ಟರೆ ಅವರ ವಿದ್ಯೆ ನಡೆಯುವುದಿಲ್ಲ. ಆಸ್ಟ್ರೇಲಿಯಾದಲ್ಲಿ, ಅಮೆರಿಕದಲ್ಲಿ ಏಷ್ಯಾದಿಂದ ಹೋದವರು ‘ಡೆತ್ ಕ್ಯಾಪ್’ ಎಂಬ ವಿಷದ ಅಣಬೆಯನ್ನು ತಮ್ಮೂರಿನ ಭತ್ತದ ಹುಲ್ಲಿನ ಅಣಬೆ ಎಂದುಕೊಂಡು ತಿಂದದ್ದು ಮತ್ತೆ ಮತ್ತೆ ನಡೆದಿದೆ. ಕ್ಯಾನ್‌ಬೆರಾದಲ್ಲಿ ಹೊಸ ವರ್ಷದ ಊಟದಲ್ಲಿ ಡೆತ್ ಕ್ಯಾಪ್ ತಿಂದು 2012ರ ಜನವರಿಯಲ್ಲಿ ಇಬ್ಬರು ತೀರಿಕೊಂಡರು. ಆ ವಿಷ ಬೇಯಿಸಿದರೂ ಹೋಗುವುದಿಲ್ಲ. ವಾಂತಿ ಭೇದಿ ಶುರುವಾಗುವುದೇ ಆರು ಗಂಟೆ ಕಳೆದ ಮೇಲೆ, ಅಷ್ಟರಲ್ಲಿ ಯಕೃತ್ತಿಗೆ ಪೆಟ್ಟು ಬೀಳಲು ಶುರುವಾಗಿರುತ್ತದೆ. ಬೆಳ್ಳಿ ಚಮಚ ಕಪ್ಪಾದರೆ ವಿಷ, ಹುಳ ತಿಂದಿದ್ದರೆ ಒಳ್ಳೆಯದು ಎಂಬ ಪರೀಕ್ಷೆಗಳೆಲ್ಲ ಸುಳ್ಳು. ಅಕ್ಟೋಬರ್, ನವೆಂಬರ್ ಮಳೆಗೆ ಚೆನ್ನೈನ ಪಾರ್ಕಿನ ಹುಲ್ಲಿನಲ್ಲಿ ಬಿಳಿ ಕೊಡೆಗಳು ಏಳುತ್ತವೆ. ಊರಿನ ನೆನಪಾದೀತು, ಕೈ ಹಾಕಬೇಡಿ. ಪರಸ್ಥಳದಲ್ಲಿ ಅಣಬೆಯನ್ನು ಅಂಗಡಿಯಿಂದಲೇ ತರಬೇಕು.

ಆರೋಗ್ಯದ ವಿಷಯದಲ್ಲಿ ಇತ್ತೀಚೆಗೆ ಎಲ್ಲದಕ್ಕೂ ಅಣಬೆಯೇ ಮದ್ದು ಎನ್ನುವ ಪ್ರಚಾರ ಕಾಣುತ್ತದೆ. ಅಷ್ಟು ದೂರ ಹೋಗುವುದು ಬೇಡ. ತೂಕದ ನೂರರಲ್ಲಿ ತೊಂಬತ್ತು ಭಾಗ ನೀರು. ನೂರು ಗ್ರಾಮಿಗೆ ಎರಡರಿಂದ ಮೂರು ಗ್ರಾಂ ಪ್ರೋಟೀನು, ಕೊಬ್ಬು ಇಲ್ಲವೆನ್ನುವಷ್ಟು ಕಡಿಮೆ. ನಾರು, ಬಿ ಗುಂಪಿನ ಜೀವಸತ್ವಗಳು, ಪೊಟ್ಯಾಸಿಯಂ ಇವೆ. ಸೋಡಿಯಂ ಕಡಿಮೆ. ನಮ್ಮ ವಯಸ್ಸಿನ ಸಕ್ಕರೆ ಕಾಯಿಲೆಯವರಿಗೆ, ತೂಕ ಇಳಿಸಬೇಕಾದವರಿಗೆ ಹೊಟ್ಟೆ ತುಂಬಿಸುವ ಒಳ್ಳೆಯ ತರಕಾರಿ, ಅಷ್ಟೇ. ಒಂದು ವಿಶೇಷ ಹೇಳಬೇಕು. ಅಣಬೆಯಲ್ಲಿ ಎರ್ಗೊಸ್ಟೆರಾಲ್ ಎಂಬ ಅಂಶವಿದೆ, ಬಿಸಿಲು ಬಿದ್ದರೆ ಅದು ಡಿ ಜೀವಸತ್ವವಾಗುತ್ತದೆ. ಅಡುಗೆಗೆ ಮುಂಚೆ ಹೆಚ್ಚಿ ಮಧ್ಯಾಹ್ನದ ಬಿಸಿಲಿಗೆ ಅರ್ಧ ಗಂಟೆ ಇಟ್ಟರೆ ಚೆನ್ನೈ ಸೂರ್ಯ ಪುಕ್ಕಟೆ ಕೆಲಸ ಮಾಡುತ್ತಾನೆ. ಯೂರಿಕ್ ಆಮ್ಲ ಜಾಸ್ತಿ ಇದ್ದವರು, ಕಿಡ್ನಿ ತೊಂದರೆಯಿಂದ ಪೊಟ್ಯಾಸಿಯಂ ಮಿತಿ ಇರುವವರು ವೈದ್ಯರನ್ನು ಕೇಳಿ ತಿನ್ನಲಿ. ಮೊದಲ ಸಲ ತಿನ್ನುವವರು ಸ್ವಲ್ಪವೇ ತಿಂದು ನೋಡಲಿ, ಕೆಲವರಿಗೆ ಒಗ್ಗುವುದಿಲ್ಲ.

ಇನ್ನು ಅಡುಗೆ. ಅಣಬೆಯನ್ನು ನೀರಲ್ಲಿ ನೆನೆಹಾಕಬಾರದು, ಬೇಗ ತೊಳೆದು ಬಟ್ಟೆಯಲ್ಲಿ ಒರೆಸಬೇಕು. ಹಾಲು ಅಣಬೆಯ ಕಾಲು ಗಟ್ಟಿ, ಅದನ್ನು ತೆಳ್ಳಗೆ, ತಲೆಯನ್ನು ದಪ್ಪಗೆ ಹೆಚ್ಚಿದರೆ ಎರಡೂ ಒಟ್ಟಿಗೆ ಬೇಯುತ್ತವೆ. ನಮ್ಮ ಮನೆಯಲ್ಲಿ ಮಾಡೋದು ಹೀಗೆ. ಕಾಲು ಕಿಲೋ ಅಣಬೆಗೆ ನಾಲ್ಕು ಬ್ಯಾಡಗಿ ಮೆಣಸಿನಕಾಯಿ, ಎರಡು ಚಮಚ ಕೊತ್ತಂಬರಿ ಬೀಜ, ಅರ್ಧ ಚಮಚ ಜೀರಿಗೆ, ಎಂಟು ಹತ್ತು ಕಾಳುಮೆಣಸು, ನಾಲ್ಕು ಎಸಳು ಬೆಳ್ಳುಳ್ಳಿ ಹುರಿದು ಅರ್ಧ ಬಟ್ಟಲು ತೆಂಗಿನತುರಿಯ ಜೊತೆ ರುಬ್ಬಿಟ್ಟುಕೊಳ್ಳಬೇಕು. ಬಾಣಲೆಯಲ್ಲಿ ತೆಂಗಿನೆಣ್ಣೆ ಕಾಯಿಸಿ ಈರುಳ್ಳಿ, ಕರಿಬೇವು ಬಾಡಿಸಿ, ಅಣಬೆ ಹಾಕಿ ಉರಿ ದೊಡ್ಡದು ಮಾಡಬೇಕು. ನೀರು ಹಾಕಬಾರದು, ಅಣಬೆಯೇ ನೀರು ಬಿಡುತ್ತದೆ. ಆ ನೀರು ಇಂಗಿದ ಮೇಲೆ ಉಪ್ಪು, ರುಬ್ಬಿದ ಮಸಾಲೆ, ಅರ್ಧ ಲೋಟ ನೀರು ಸೇರಿಸಿ ಹತ್ತು ನಿಮಿಷ ಕುದಿಸಿದರೆ ಸಾಕು. ಕಡೆಗೆ ಹುಳಿ. ಕೊಡಗಿನವರು ‘ಕುಮ್ಮು’ ಎಂದು ಕರೆಯುವ ಅಣಬೆಗೆ ಹಾಕುವಂತೆ ಅರ್ಧ ಚಮಚ ಕಾಚಂಪುಳಿ ಹಾಕಿದರೆ ಉತ್ತಮ, ಇಲ್ಲದಿದ್ದರೆ ಹುಣಿಸೆಹಣ್ಣು ನಡೆಯುತ್ತದೆ. ಅಕ್ಕಿರೊಟ್ಟಿಗೋ ಕಡುಬಿಗೋ ಹಾಕಿಕೊಂಡು ತಿನ್ನಬಹುದು. ರುಚಿ ಹುತ್ತದ ಅಣಬೆಯದ್ದಲ್ಲ, ಆ ಮಣ್ಣಿನ ವಾಸನೆ ಇಲ್ಲ. ಆದರೆ ಮಸಾಲೆ ನಮ್ಮದು, ಅಣಬೆ ಈ ಸೆಕೆಯದ್ದು. ಇಷ್ಟು ವರ್ಷ ಇಲ್ಲಿದ್ದವರ ಮನೆಯ ಅಡುಗೆ ಹೀಗೇ ಇರುವುದು ಸಹಜ.

ಕಡೆಗೆ ಊರಿನವರಿಗೆ ಒಂದು ಮಾತು. ಚೆನ್ನೈನಲ್ಲಿರುವ ಮಗಳ ಮನೆಗೋ ತಮ್ಮನ ಮನೆಗೋ ಬರುವಾಗ ಪ್ರೀತಿಯಿಂದ ಹುತ್ತದ ಅಣಬೆ ಕಟ್ಟಿಕೊಂಡು ಹೊರಡುತ್ತೀರಿ. ರಾತ್ರಿ ರೈಲಿನ ಸೆಕೆಗೆ ಅದು ಅರಕ್ಕೋಣಂ ದಾಟುವಷ್ಟರಲ್ಲಿ ನೀರಾಗಿರುತ್ತದೆ. ಅದನ್ನು ಊರಲ್ಲೇ ಬೇಯಿಸಿ ನಮ್ಮ ಪಾಲನ್ನೂ ನೀವೇ ತಿನ್ನಿ. ಬರುವಾಗ ಬ್ಯಾಡಗಿ ಮೆಣಸಿನಕಾಯಿ, ಒಂದು ಬಾಟಲಿ ಕಾಚಂಪುಳಿ ತನ್ನಿ, ಸಾಕು. ಅಣಬೆ ಇಲ್ಲಿ ನಾವು ನೋಡಿಕೊಳ್ಳುತ್ತೇವೆ.