ಉಬ್ಬಸ: ಉಸಿರಿನ ಅಳತೆ, ರಕ್ತದ ಸಾಕ್ಷಿ

ನಿಮ್ಮ ಮನೆಯಲ್ಲಿ ಉಬ್ಬಸದ ರೋಗಿಯಿದ್ದರೆ ಈ ಅನುಭವ ನಿಮಗಿರುತ್ತದೆ. ರಾತ್ರಿಯೆಲ್ಲ ಕುಳಿತೇ ಏದುಸಿರು ಬಿಟ್ಟವರು ಬೆಳಿಗ್ಗೆ ವೈದ್ಯರ ಬಳಿ ಹೋಗುವ ಹೊತ್ತಿಗೆ ಆರಾಮವಾಗಿರುತ್ತಾರೆ. ಎದೆಯಲ್ಲಿ ಸಿಳ್ಳಿನ ಸದ್ದೂ ಕೇಳುವುದಿಲ್ಲ. ಹೀಗೆ ಬಂದು ಹೋಗುವ ರೋಗವನ್ನು ಅಳೆಯುವುದು ಹೇಗೆ? ವೈದ್ಯಶಾಸ್ತ್ರ ಇದಕ್ಕೆ ಎರಡು ದಾರಿಗಳಲ್ಲಿ ಉತ್ತರ ಹುಡುಕಿದೆ.

ಮೊದಲನೆಯದು ಉಸಿರಿನ ದಾರಿ. ಲಂಡನ್ನಿನ ವೈದ್ಯ ಜಾನ್ ಹಚಿನ್ಸನ್ ನೀರಿನಲ್ಲಿ ಮಗುಚಿಟ್ಟ ಪಾತ್ರೆಯೊಳಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನರಿಂದ ಊದಿಸಿ, ಆ ಅಳತೆಗಳನ್ನು 1846ರಲ್ಲಿ ಪ್ರಕಟಿಸಿದರು. ಅವರು ಅಳೆದದ್ದು ಎಷ್ಟು ಗಾಳಿ ಎಂಬುದನ್ನು. ಉಬ್ಬಸದಲ್ಲಾದರೋ ಗಾಳಿ ಎಷ್ಟು ಬೇಗ ಹೊರಬರುತ್ತದೆ ಎಂಬುದೇ ಮುಖ್ಯ. ಮೊದಲ ಒಂದು ಸೆಕೆಂಡಿನ ಲೆಕ್ಕ ಹಿಡಿಯುವ ಕ್ರಮವನ್ನು 1947ರಲ್ಲಿ ಫ್ರಾನ್ಸಿನ ಟಿಫಿನೋ ತೋರಿಸಿಕೊಟ್ಟರು.

ಎರಡನೆಯದು ರಕ್ತದ ದಾರಿ. 1879ರಲ್ಲಿ ಜರ್ಮನಿಯ ಪಾಲ್ ಎರ್ಲಿಕ್ ಇಯೋಸಿನ್ ಎಂಬ ಕೆಂಪು ಬಣ್ಣವನ್ನು ಹೀರಿಕೊಳ್ಳುವ ಬಿಳಿ ರಕ್ತಕಣವನ್ನು ಗುರುತಿಸಿದರು. ಅದೇ ಇಯೋಸಿನೋಫಿಲ್. ಮುಂದೆ ಇದು ಉಬ್ಬಸದವರ ಕಫದಲ್ಲೂ ರಕ್ತದಲ್ಲೂ ಹೆಚ್ಚಾಗಿ ಕಂಡಿತು.

ಇದರಿಂದ ರೋಗಿಗೇನು ಲಾಭ? 1956ರಲ್ಲಿ ಬ್ರಿಟನ್ನಿನ ಒಂದು ಪ್ರಯೋಗ, ದೀರ್ಘಕಾಲದ ಉಬ್ಬಸಕ್ಕೆ ಕಾರ್ಟಿಸೋನ್‌ನಿಂದ ಹೆಚ್ಚಿನ ಪ್ರಯೋಜನವಿಲ್ಲ ಎಂದಿತ್ತು. ಡರ್ಬಿ ಊರಿನ ವೈದ್ಯ ಮಾರೋ ಬ್ರೌನ್ ಸೂಕ್ಷ್ಮದರ್ಶಕದಲ್ಲಿ ರೋಗಿಗಳ ಕಫವನ್ನು ಪರೀಕ್ಷಿಸಿದರು. ಇಯೋಸಿನೋಫಿಲ್ ಇದ್ದವರು ಪ್ರೆಡ್ನಿಸೊಲೋನ್‌ಗೆ ಚೇತರಿಸಿಕೊಂಡರು. ಇಲ್ಲದವರಿಗೆ ಗುಣ ಕಾಣಲಿಲ್ಲ. 1958ರಲ್ಲಿ ಅವರು ಇದನ್ನು ಪ್ರಕಟಿಸಿದರು. ಔಷಧ ಸೋತಿರಲಿಲ್ಲ; ಯಾರಿಗೆ ಕೊಡಬೇಕೆಂಬುದು ತಿಳಿದಿರಲಿಲ್ಲ, ಅಷ್ಟೇ.

1975ರಲ್ಲಿ ಅಮೆರಿಕದ ಸಂಶೋಧಕರು ಎರಡು ದಾರಿಗಳನ್ನೂ ಕೂಡಿಸಿದರು. ರಕ್ತದಲ್ಲಿ ಈ ಕಣಗಳು ಏರಿದಂತೆ ಉಸಿರಿನ ಅಳತೆ ಇಳಿಯುವುದು ಕಂಡಿತು.

ಆದರೆ ಅವಸರದ ತೀರ್ಮಾನ ಬೇಡ. ನಮ್ಮ ನೆರೆಯ ಮದನಪಲ್ಲಿಯ ಕ್ಷಯರೋಗ ಆಸ್ಪತ್ರೆಯ ವೈದ್ಯರು 1940ರಲ್ಲೇ, ಕ್ಷಯದಂತೆ ಕಾಣುವ, ಇಯೋಸಿನೋಫಿಲ್ ವಿಪರೀತ ಏರುವ ಕಾಯಿಲೆಯೊಂದನ್ನು ವರ್ಣಿಸಿದ್ದರು. ಅದಕ್ಕೆ ಆನೆಕಾಲು ರೋಗದ ಹುಳುವೇ ಕಾರಣವೆಂದು ಮುಂದೆ ತಿಳಿಯಿತು. ಹೊಟ್ಟೆಯ ಜಂತುಹುಳುವಿನಿಂದಲೂ ಈ ಎಣಿಕೆ ಏರಬಹುದು.

ಇನ್ನೊಂದು ಪಾಠ ಈಚಿನದು. ಇಯೋಸಿನೋಫಿಲ್ ತಗ್ಗಿಸುವ ಚುಚ್ಚುಮದ್ದೊಂದನ್ನು ಸೌಮ್ಯ ಉಬ್ಬಸದವರಿಗೆ ಕೊಟ್ಟು ನೋಡಿದ ಫಲಿತಾಂಶ 2000ದಲ್ಲಿ ಬಂತು. ಕಣಗಳು ಇಳಿದವು, ಶ್ವಾಸನಾಳದ ವರ್ತನೆ ಬದಲಾಗಲಿಲ್ಲ. ಈ ಕಣ ಹೆಚ್ಚಿದ್ದು ಪದೇ ಪದೇ ಉಬ್ಬಸ ಕೆರಳುವವರನ್ನೇ ಆರಿಸಿಕೊಂಡ 2009ರ ಪ್ರಯೋಗದಲ್ಲಿ ಅಂಥ ಆಘಾತಗಳು ಕಡಿಮೆಯಾದವು. ಉಸಿರಿನ ಅಳತೆ ಮಾತ್ರ ಹೆಚ್ಚೇನೂ ಸುಧಾರಿಸಲಿಲ್ಲ. ಮೆಪೊಲಿಝುಮ್ಯಾಬ್ ಎಂಬ ಆ ಮದ್ದಿಗೆ 2015ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು.

ಆದ್ದರಿಂದ ಓದುಗರೇ, ಊದುವ ಪರೀಕ್ಷೆ ಇಂದಿನ ಉಸಿರನ್ನು ಹೇಳಿದರೆ, ರಕ್ತಪರೀಕ್ಷೆ ಮುಂದಿನ ಅಪಾಯದ ಸುಳಿವು ಕೊಡಬಲ್ಲದು. ಒಂದು ಮತ್ತೊಂದರ ಬದಲಿಯಲ್ಲ. ಸ್ಟಿರಾಯ್ಡ್ ಗುಳಿಗೆ ನುಂಗುತ್ತಿದ್ದರೆ ರಕ್ತದ ಎಣಿಕೆ ತಗ್ಗಿರುತ್ತದೆ. ಅದನ್ನು ವೈದ್ಯರಿಗೆ ಮೊದಲೇ ತಿಳಿಸಿ. ವರದಿ ಚೆನ್ನಾಗಿದೆಯೆಂದು ಇನ್‌ಹೇಲರನ್ನು ನೀವಾಗಿಯೇ ನಿಲ್ಲಿಸಬೇಡಿ.